ಐದನೆಯದು

ಮಂಜುಗಡ್ಡೆ ಹದಿನೆಂಟು ಇಂಚು ದಪ್ಪ.
ಓರಿನ್ ಟೆಶ್ ಬೈರಿಗೆ ತಿರುಗಿಸಿ, ಅಳತೆಕೋಲು ಇಳಿಬಿಟ್ಟು
ಎರಡು ಸಲ ಹೇಳಿದ, ನನಗೆ ಕಿವಿ ಮಂದ ಅಂತ.
ಲಾರಿಯನ್ನೇ ಹೊರುತ್ತದೆ, ನಿನ್ನ ಮರದ ಗೂಡೇನು ಮಹಾ.

ಫೆಬ್ರವರಿ. ವಿಸ್ಕಾನ್ಸಿನ್ನಿನ ಉತ್ತರ ತುದಿ.
ಉಸಿರು ಮೀಸೆಯಲ್ಲೇ ಕಲ್ಲಾಗುವ ಚಳಿ.
ನಾವು ಕೆರೆಯ ಮೇಲೆ ಮನೆ ಕಟ್ಟುತ್ತಿದ್ದೇವೆ,
ಮುಳುಗಲಿ ಅಂತ.

ಹಸಿ ಓಕ್ ದಿಮ್ಮಿ, ಆಳುದ್ದ.
ಎರಡು ಹೀಗೆ, ಎರಡು ಅಡ್ಡ, ಮತ್ತೆ ಎರಡು ಹೀಗೆ.
ಮೂಲೆಗೆ ತೂತು ಕೊರೆದು ಕಬ್ಬಿಣದ ಸರಳು ತೂರಿಸಿ
ತುದಿ ಬಗ್ಗಿಸಬೇಕು. ಬಗ್ಗಿಸುವುದು ನನ್ನ ಪಾಲಿಗೆ:
ಮೂವತ್ತೊಂದು ವರ್ಷ ಶಾಲೆಯ ಬಸ್ಸು ತಿರುಗಿಸಿದ ತೋಳು.
ಒಳಗೆ ತುರುಕಲು ಕೊಂಬೆ, ಕಂಟಿ,
ಯಾರೋ ಜನವರಿಯಲ್ಲಿ ಬೀದಿಗೆಸೆದ ಕ್ರಿಸ್‌ಮಸ್ ಮರಗಳು.
ಕೊನೆಯದಕ್ಕೆ ಬೆಳ್ಳಿ ಜರಿ ಇನ್ನೂ ಅಂಟಿಕೊಂಡಿತ್ತು.
ಕೀಳಬೇಕು, ಇಲಾಖೆಯ ಪತ್ರದಲ್ಲಿ ಬರೆದಿದೆ.
ಕಿತ್ತೆ. ಒಂದೆಳೆ ಬಿಟ್ಟೆ.

ನೀರಲ್ಲಿ ಹೋಮ, ಅಂದ ಓರಿನ್,
ದಿಮ್ಮಿಯ ಇನ್ನೊಂದು ತುದಿ ಎತ್ತುತ್ತಲೇ.

ಅವನಿಗೆ ಹೇಳಿಲ್ಲ ನಾನು:
ಈ ದಡದ ತುಂಬ ಬಿದ್ದ ಮರಗಳಿದ್ದವು,
ಬೇರು ಮೇಲೆ, ತಲೆ ನೀರೊಳಗೆ,
ಬೆನ್ನ ಮೇಲೆ ಸಾಲಾಗಿ ಆಮೆಗಳು.
ನನಗೆ ಒಂಬತ್ತು ವರ್ಷ. ಅಪ್ಪ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ
ಒಂದೊಂದಾಗಿ ಎಳೆದ, ಹಲ್ಲು ಕಿತ್ತ ಹಾಗೆ.
ಬಾಡಿಗೆ ಕೊಟ್ಟು ಈಜಲು ಬರುವ ಷಿಕಾಗೋದವರ
ಕಾಲಿಗೆ ಏನೂ ತಾಗಬಾರದು.
ಎದೆಮಟ್ಟ ನೀರಿಗಿಳಿದು ಕೊಕ್ಕೆ ಸಿಕ್ಕಿಸುತ್ತಿದ್ದವಳು ನಾನು.
ಮರಕ್ಕೊಂದು ಪಾವಲಿ.
ಹದಿನಾಲ್ಕು ಮರ. ಲೆಕ್ಕ ಮರೆತಿಲ್ಲ; ಆ ದುಡ್ಡಿಗೆ
ಯಾರದೋ ಹಳೆಯ ಸ್ಕೇಟು ಕೊಂಡಿದ್ದೆ, ಒಂದು ಕಾಲಿಗೆ ಬಿಗಿ.

ಕೆರೆ ಕನ್ನಡಿಯಾಯಿತು. ಹೊಗಳದವರಿಲ್ಲ.
ಮೀನು ಎಲ್ಲಿ ಹೋದವು ಅಂತ ಒಬ್ಬರು ಕೇಳಲು
ಇಪ್ಪತ್ತು ಬೇಸಿಗೆ ಬೇಕಾಯಿತು.

ಸಂಜೆಗೆ ಬಿಳಿ ಬಯಲಲ್ಲಿ ಐದು ಗೂಡು ನಿಂತವು,
ಸೂರಿಲ್ಲದ, ಬಾಗಿಲಿಲ್ಲದ ಒಂದು ಕೇರಿ,
ಕಾಲಿಗೆ ಕಾಂಕ್ರೀಟ್ ಇಟ್ಟಿಗೆ ಕಟ್ಟಿಕೊಂಡು.
ಇನ್ನು ಬಿಸಿಲಿನ ಪಾಳಿ.
ಗಡ್ಡೆ ಒಡೆಯುವ ದಿನಕ್ಕೆ ಊರ ಹೋಟೆಲಿನಲ್ಲಿ ಪಂಥ,
ತಲೆಗೆ ಎರಡು ಡಾಲರು.
ಏಪ್ರಿಲ್ ಹತ್ತೊಂಬತ್ತು, ಅಂತ ಬರೆದೆ.

ಹದಿನಾರರ ರಾತ್ರಿಯೇ ಗಾಳಿ ಎದ್ದಿತು.
ನನ್ನ ಕಿವಿಯ ಯಂತ್ರ ಮೇಜಿನ ಮೇಲಿತ್ತು.
ಕೆರೆ ನರಳಿತಂತೆ, ಬಾಗಿಲು ಬಡಿದ ಹಾಗೆ ಬಡಿಯಿತಂತೆ.
ಬೆಳಿಗ್ಗೆ ನೋಡಿದರೆ ಬರೀ ನೀರು,
ಮುಖ ತೊಳೆದುಕೊಂಡು, ಏನೂ ತಿಳಿಯದವರ ಹಾಗೆ.

ಮೇ ತಿಂಗಳು ದೋಣಿಯಲ್ಲಿ ಯಂತ್ರ ಹಿಡಿದು ಹುಡುಕಿದೆವು.
ನಾಲ್ಕು ಸಿಕ್ಕವು, ನಕ್ಷೆಯಲ್ಲಿ ಗುರುತಿಟ್ಟಲ್ಲೇ,
ಹದಿನಾರು ಅಡಿ ಆಳ.
ಐದನೆಯದು ಇಲ್ಲ.
ಗಡ್ಡೆಯ ತುಂಡೊಂದು ಅದನ್ನು ಹೊತ್ತು ತೇಲಿ
ಮನಸ್ಸು ಬಂದಲ್ಲಿ ಇಳಿಸಿದೆ.
ಓರಿನ್ ಇಲಾಖೆಗೆ ಬರೆದ: ಒಟ್ಟು ಐದು.
ಸುಳ್ಳಲ್ಲ.

ಜುಲೈ. ಬಸ್ಸಿನ ಹಿಂದಿನ ಸೀಟಿನಲ್ಲಿ
ಒಂದು ಮಾತೂ ಆಡದೆ ಕೂರುತ್ತಿದ್ದ ಫೆಂಗ್ ಲೋರ್
ಈಗ ಅಜ್ಜಿಯನ್ನು ದೋಣಿಯಲ್ಲಿ ಕೂರಿಸಿಕೊಂಡು
ತಳವೆಲ್ಲ ಬೋಳು ಮರಳಾದ ಕಡೆ,
ಷಿಕಾಗೋದವರೂ ಗಾಳ ಹಾಕದ ಕಡೆ
ಲಂಗರು ಬಿಡುತ್ತಾನೆ. ದಿನಾ. ಅಲ್ಲೇ.
ಅಜ್ಜಿಯ ಬಕೆಟ್ಟು ಇಬ್ಬರು ಹಿಡಿದು ಇಳಿಸಬೇಕು.

ಎಲ್ಲಿ ಸಿಕ್ಕವೋ, ಕೇಳಿದೆ.
ಅವನು ಕೈ ಬೀಸಿ ಇಡೀ ಕೆರೆ ತೋರಿಸಿದ.
ಅಜ್ಜಿ ಟೋಪಿಯ ದಾರ ಬಿಗಿದುಕೊಂಡು
ತನ್ನ ಭಾಷೆಯಲ್ಲಿ ಏನೋ ಅಂದು ನಕ್ಕಳು.
ದೋಣಿಯ ಅಂಚಿಗೆ ಒರಗಿಸಿದ ಗಾಳದಲ್ಲಿ,
ಅರ್ಧ ಹುಳದ ಪಕ್ಕ,
ಒಂದೆಳೆ ಬೆಳ್ಳಿ ಜರಿ.

ಏನಂತೆ, ಏನಂದ ಹುಡುಗ,
ದಡದಿಂದ ಓರಿನ್ ಕೂಗಿದ, ಎರಡು ಸಲ.

ಕಿವಿ ಮುಟ್ಟಿಕೊಂಡೆ.
ಕೇಳಿಸಲಿಲ್ಲ, ಅಂದೆ.