ನಾಳೆ ಬಾ

ಮುಳಗುಂದ ನಾಕಾದ ಹತ್ರ ತಗಡಿನ ಥೇಟರು.
ನಲವತ್ತಾರನೇ ಪ್ರಯೋಗ.
ನಾನು ದಾವಲಸಾಬ, ನಾಟಕದಾಗ ಕಚೇರಿ ಗುಮಾಸ್ತ.
ಬರೂದು ಮೂರು ಸಲ, ಮಾತು ಒಂದಽ:
“ನಾಳೆ ಬಾ.”

ಒಂದಽ ಮಾತು ಅಂತ ಹಗುರ ತಿಳೀಬ್ಯಾಡ್ರಿ.
ಒಮ್ಮೆ ಎಲಿ ಅಡಿಕಿ ದವಡ್ಯಾಗಿಟ್ಟು ಅಂತೀನಿ,
ಒಮ್ಮೆ ಕಡತದ ಧೂಳಿಗೆ ಸೀನಕೋತ,
ಮೂರನೇ ಸಲ ಬಾಯಿನಽ ತೆಗಿಯೂದಿಲ್ಲ, ಬರೇ ಹುಬ್ಬಿಲೆ.
ಹುಬ್ಬಿಗೆ ಬೀಳೂ ನಗಿ ಐತೆಲ್ಲ,
ತಗಡಿನ ಮ್ಯಾಲೆ ಆಣಿಕಲ್ಲು ಬಿದ್ಧಂಗ.
ಮಾಲಕರು ಆ ನಗಿ ಎಣಿಸಿ ನನಗ ಪಗಾರ ಕೊಡ್ತಾರ.

ಅಪ್ಪ ಬೆಟಗೇರ್ಯಾಗ
ಮಂದಿ ಮನಿ ಕಟ್ಟಿ ಮ್ಯಾಲೆ ಕೂತು ಹತ್ತಿ ಹಿಂಜತಿದ್ದ.
ಹಳೇ ಗಾದಿ ಬಿಚ್ಚಿದರ ಒಳಗ ಎಷ್ಟೋ ವರ್ಷ ಮಲಗಿದ ಭಾರ,
ಬೆವರು, ಕೂಸಿನ ಉಚ್ಚಿ, ಕಣ್ಣೀರೂ ಇರಬೇಕು, ಗಂಟು ಗಂಟಾಗಿ.
ಬಿಲ್ಲಿನ ಹೆದಿ ಮೀಟತಿದ್ದ, ಟೊಂಯ್ ಟೊಂಯ್,
ಗಂಟು ಸಡಲಿ ಒಳಗ ಗಾಳಿ ಹೋಗತಿತ್ತು.
“ಹತ್ತಿ ಹೊಸಾದಲ್ಲೋ ತಮ್ಮಾ, ಅದಽ ಹತ್ತಿ,
ನಾ ಬರೇ ಗಾಳಿ ಹಾಕೀನಿ.”
ನನಗ ಬಣ್ಣದ ವಿದ್ಯಾ ಕಲಿಸಿದಂವ ಅವನಽ,
ಜನ್ಮದಾಗ ಒಂದು ನಾಟಕ ನೋಡದಂವ.

ಮೊನ್ನಿ ಸೋಮವಾರ ಮೂರನೇ ಸಾಲಿನ್ಯಾಗ
ಒಬ್ಬಾಕಿ ಮುದುಕಿ ನಗಲಿಲ್ಲ.
ನಗದವರು ಇರ್ತಾರ: ಹಲ್ಲುನೋವು, ಕಿವಿ ಮಂದ, ನಿದ್ದಿ.
ಈಕಿ ಹಂಗಲ್ಲ. ನಾ “ನಾಳೆ ಬಾ” ಅಂದಾಗೊಮ್ಮೆ
ಸೆರಗು ಸರಿ ಮಾಡಿಕೊಂಡು
ಎದ್ದು ಹೋಗಾಕ ತಯಾರಾಗತಿದ್ಲು.
ಮತ್ತ ಕುಂದರತಿದ್ಲು.

ನಾಟಕ ಮುಗದ ಮ್ಯಾಲೆ ಪರದೆ ಹಿಂದ ಬಂದ್ಲು.
ನನ್ನ ಮಾರಿ ಅರ್ಧ ಬಣ್ಣ, ಅರ್ಧ ಕೊಬ್ಬರೆಣ್ಣಿ.
ಹೆಸರು ಫಕೀರವ್ವ, ಮಗ್ಗದ ಮನಿಯಾಕಿ.
ಹನ್ನೊಂದು ತಿಂಗಳಿಂದ ನಿಂತ ಪಿಂಚಣಿಯ ಕಾಗದ,
ಮಡಚಿ ಮಡಚಿ ಹರಿಯಾಕ ಬಂದಿತ್ತು.
“ಸಾಹೇಬ್ರ, ಅಲ್ಲಿ ಹಗಲ ಹೊತ್ತು ಸಿಗವಲ್ರಿ,
ಇಲ್ಲಿ ರಾತ್ರಿ ಕುಂದರತೀರಂತ ಕೇಳಿ ಬಂದೆ.”
ಚೇಷ್ಟೆಯೋ ಹುಚ್ಚೋ ತಿಳೀಲಿಲ್ಲ.
ಎರಡೂ ಇದ್ದವು ಅನಸ್ತೈತಿ ಈಗ.

ಮರುದಿನ ಬಣ್ಣಿಲ್ಲದ ಮಾರಿ ಹೊತಗೊಂಡು
ಆಕಿ ಜೋಡಿ ಕಚೇರಿಗೆ ಹೋದೆ.
ಮೈಕಿಲ್ಲದ ಕಾಲದಿಂದ ಕಡೀ ಸಾಲಿಗೆ ಮುಟ್ಟಿಸಿದ ದನಿ
ಆ ಕಿಡಕಿ ಮುಂದ ಗಂಟಲದಾಗಽ ಉಳೀತು.
ಒಳಗಿದ್ದಂವ ಇನ್ನೂ ಹುಡುಗ. ಎಲಿ ಅಡಿಕಿ ಇಲ್ಲ, ಸೀನಿಲ್ಲ.
ಮೊಬೈಲಿನಿಂದ ಕಣ್ಣೆತ್ತದಽ ಅಂದ.
ಎಷ್ಟು ಸಣ್ಣಗ ಅಂದ ಅಂದ್ರ,
ನನಗಿಂತ ಚೊಲೋ ನಟ ಅಂವ. ಅಭಿನಯನಽ ಇದ್ದಿಲ್ಲ.

ಬರೂವಾಗ ಫಕೀರವ್ವ ನನಗಽ ಸಮಾಧಾನ ಹೇಳಿದ್ಲು,
ಚಹಾ ಕುಡಿಸಿ ರೊಕ್ಕ ತಾನಽ ಕೊಟ್ಲು.
“ನಮ್ಮವ್ವ ಬಾಗಲದ ಮ್ಯಾಲೆ ಸುಣ್ಣದಿಂದ ಬರಸತಿದ್ಲು,
ನಾಳೆ ಬಾ ಅಂತ, ದೆವ್ವ ಓದಿ ತಿರುಗಿ ಹೋಗಲೆಂತ.
ಆ ದೆವ್ವಕ್ಕ ಎಷ್ಟು ಬ್ಯಾಸರಾಗಿರಬೇಕ್ರಿ,
ದಿನಾ ಬಂದು, ದಿನಾ ಓದಿ.”
ಅಂದು ನಕ್ಕಳು.
ಥೇಟರಿನ್ಯಾಗ ನಗದಾಕಿ ಬಸ್ ಸ್ಟ್ಯಾಂಡಿನ್ಯಾಗ ನಕ್ಕಳು.

ಸಂಘದವರು ಹಾರ ಹಾಕೂ ಮುಂದ ಕೇಳ್ತಾರ,
ಕಲಾವಿದನ ಸಾಮಾಜಿಕ ಜವಾಬ್ದಾರಿ ಏನ್ರಿ ಅಂತ.
ಏನೇನೋ ಅಂದೀನಿ, ಚಪ್ಪಾಳಿ ಆಗ್ಯಾವ.
ಖರೇ ಅಂದ್ರ ನಾ ನಗಿ ಮಾರಿ ಉಂಡಂವ.
ಮಗಳ ಮದವಿ, ಹೆಂಡತಿ ಕಣ್ಣಿನ ಆಪರೇಶನ್ನು
ಎಲ್ಲಾ ಆ ಎರಡು ಶಬ್ದದಾಗ ಆಗೇತಿ.
ಗುಮಾಸ್ತನ್ನ ನಗೆಪಾಟಲು ಮಾಡೀನಂತ ತಿಳದಿದ್ದೆ;
ನಕ್ಕು ಹಗುರಾದ ಜನ ಮರುದಿನ ಅದಽ ಸಾಲಿನ್ಯಾಗ
ತಣ್ಣಗ ನಿಂತರೇನೋ. ಗೊತ್ತಿಲ್ಲ.

ಆ ರಾತ್ರಿ ಮೂರನೇ ಪ್ರವೇಶದಾಗ ಹುಬ್ಬು ಬಿಟ್ಟೆ.
ಆ ಹುಡುಗನಂಗ ಕಣ್ಣೆತ್ತದಽ, ಸಣ್ಣಗ, ಅಂದೆ.
ಆಣಿಕಲ್ಲು ಬೀಳಲಿಲ್ಲ.
ಬಿಸಿಲು ಉಂಡ ತಗಡು ತಣ್ಣಗಾಗೂ ಸಪ್ಪಳ ಕೇಳ್ತು.
ಯಾರೋ ಕುರ್ಚಿ ಸರಿಸಿದರು.
ಪೇಟಿ ಮಾಸ್ತರ ಗಾಬರ್ಯಾಗಿ ಸುಮ್ಮಽ ಒಂದು ಸುರ ಒತ್ತಿದ.

ಮಾಲಕರು ಐವತ್ತು ರೂಪಾಯಿ ಮುರಕೊಂಡಾರ.
ನಗಸಬೇಕು ಅಂದಾರ. ನಗಸ್ತೀನಿ.
ಮೊದಲೆರಡು ಸಲ ಹೊಟ್ಟೀದು.
ಮೂರನೇದು ಅಪ್ಪನ ಬಿಲ್ಲು,
ಗಂಟಿದ್ದಲ್ಲೆ ಒಂದು ಪೆಟ್ಟು, ಗಾಳಿ ಹೋದರ ಹೋತು.

ಫಕೀರವ್ವನ ಕಾಗದ ಬಣ್ಣದ ಪೆಟ್ಟಿಗ್ಯಾಗೈತಿ.
ಗುರುವಾರ ಮತ್ತ ಹೋಗೂದೈತಿ.
“ಬರ್ರಿ,” ಅಂದಾಳ, “ಸಾಲಿನ್ಯಾಗ ನಿಂದ್ರೂದು
ನಿಮಗಿನ್ನೂ ಬರವಲ್ದು.”