ರಾವ್

ಬಿಚೋಲಿಯ ಗುಡ್ಡದ ಬುಡಕ್ಕೆ
ಗಣಿ ನಿಂತ ದಿನದಿಂದ ನಿಂತೇಬಿಟ್ಟ ಲಾರಿಗಳು.
ಒಂದರ ಸ್ಪ್ರಿಂಗ್ ಪಟ್ಟಿ ಬಿಚ್ಚಿ ತಂದು
ಪುರ್ಸೊ ಚಾರಿ ನನ್ನ ಮುಂದಿಟ್ಟ,
ನನ್ನದೇ ಕನ್ನಡ ಮುರಿದು:
'ಇದರಾಗ ಏಳು ಚೂರಿ ಉಂಟು. ತೆಗಿ.'

ಕೆಂಪಾದೊಡನೆ ಇಕ್ಕಳ ಹಾಕಿದೆ. 'ರಾವ್' ಅಂದ.
ಕಿತ್ತಳೆಗೆ ಬಂತು. 'ರಾವ್, ರಾವ್.'
ರೋಣದ ದ್ಯಾಮವ್ವನ ಮಗನಿಗೆ
ಹುಟ್ಟಿದಾಗಿನಿಂದ ಯಾರು ರಾವ್ ಅಂದಿದ್ದರು?
ಎದೆಯುಬ್ಬಿಸಿ ತಿದಿಯೊತ್ತಿದೆ.
ಕತ್ತಿ ಮಸೆಯಲು ಬಂದ ಮೀನಿನ ಸುಕಾಂತಿ
ಹೊಟ್ಟೆ ಹಿಡಿದು ನಕ್ಕು ಹೇಳಿದಳು:
ಕೊಂಕಣಿಯಲ್ಲಿ ಅದು ಮರ್ಯಾದೆಯಲ್ಲ,
ತಾಳು ಅಂತ.

ಮೊದಲ ಚೂರಿ ಎಣ್ಣೆಗಿಳಿದು
ಟಿಣ್ ಎಂದಿತು. ಕೂದಲೆಳೆ ಸೀಳು.
ಬೈಗುಳಕ್ಕೆ ಕಾದು ನಿಂತೆ.
ಅವನು ಹಲಸಿನ ಪೆಟ್ಟಿಗೆ ಎಳೆದು ತೆರೆದ:
ನಲವತ್ತು ವರ್ಷದ ಸೀಳುಗಳು,
ಎಲ್ಲ ಅವನವೇ,
ಒಂದೊಂದಕ್ಕೂ ದಾರ ಸುತ್ತಿ.
ತುಸು ಜಾಗ ಮಾಡಿ
ನನ್ನದನ್ನೂ ಅಲ್ಲಿ ಮಲಗಿಸಿದ.

ಈಗ ಏಳನೆಯದು ಕೆಂಡದೊಳಗಿದೆ.
ಕಿಟಕಿಗೆ ಗೋಣಿ ಕಟ್ಟಿದ್ದೇವೆ,
ಕಬ್ಬಿಣದ ಬಣ್ಣ ಬೆಳಕಲ್ಲಿ ಸುಳ್ಳು ಹೇಳುತ್ತದೆ.
ಪೊರೆ ಬಂದ ಕಣ್ಣು ಕಿರಿದು ಮಾಡಿ
'ಬಂತಾ?' ಎಂದು ಅವನೇ ಕೇಳಿದ.

'ರಾವ್' ಅಂದುಬಿಟ್ಟೆ, ಗುರುವಿಗೆ.

ಎಣ್ಣೆ ಡಬ್ಬ ಬೋರಲು ಹಾಕಿ
ಸುಮ್ಮನೆ ಕೂತ.