ಹನ್ನೊಂದು ಗ್ರಾಂ ಬೋಲ್ಟು

ಹಿಟ್ಟು ತೂಗುವ ತಕ್ಕಡಿ ಅದು, ನನ್ನದು.
ಈಗ ಅದರ ತಟ್ಟೆಗೆ ಗ್ರೀಸಿನ ವಾಸನೆ.
ರಾತ್ರಿ ಹನ್ನೊಂದರ ಮೇಲೆ ನಮ್ಮ ಅಡುಗೆಮನೆಯಲ್ಲಿ ದೀಪ ಕಂಡರೆ
ಯಾರಿಗೋ ಹಸಿವು ಅಂದುಕೊಳ್ಳಬೇಡಿ.
ತಿಲೆನ್ ಒಂದು ಬೋಲ್ಟು ತೂಗುತ್ತಿದ್ದಾನೆ.

ಉಕ್ಕಿನದು ಹನ್ನೊಂದು ಗ್ರಾಂ.
ಟೈಟಾನಿಯಂ ಆರು.
ಉಳಿದದ್ದು ಐದು, ಕೊಟ್ಟದ್ದು ಒಂಬತ್ತು ಯೂರೊ.
"ಇಂಥವು ಹದಿನಾಲ್ಕಿವೆ" ಅನ್ನುತ್ತಾನೆ,
ಕಣ್ಣಲ್ಲಿ ಹಬ್ಬ.

ಗೋಡೆಯ ಕ್ಯಾಲೆಂಡರಿನಲ್ಲಿ
ನೆಂಟರ ಹುಟ್ಟುಹಬ್ಬಗಳ ಪಕ್ಕ ಪೆನ್ಸಿಲಿನ ಅಂಕಿ:
ಮಾರ್ಚ್ ಮೂರು, ಹತ್ತು ಕಿಲೊ ಎಂಟುನೂರ ನಲವತ್ತು.
ಏಪ್ರಿಲ್ ಹತ್ತು, ಹತ್ತು ಕಿಲೊ ನಾನೂರ ಹನ್ನೆರಡು.
ಬ್ರಿನಾ ಹುಟ್ಟಿದ ವರ್ಷವೂ ಹೀಗೇ ಬರೆದಿದ್ದೆವು, ವಾರವಾರ.
ಅದು ಏರುವ ಲೆಕ್ಕ.

ಮೊದಲು ಹೋದದ್ದು ಗಂಟೆ.
ಆಮೇಲೆ ಗಾಳಿ ತುಂಬುವ ಮೂತಿಯ ಪುಟ್ಟ ಟೊಪ್ಪಿಗಳು.
ನನ್ನ ಹೇರ್ ಡ್ರೈಯರಿನಿಂದ ಬಿಸಿಮಾಡಿ ಕಂಪನಿಯ ಹೆಸರನ್ನು ಸುಲಿದ,
ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗೆ.
ಹ್ಯಾಂಡಲಿನ ಎರಡು ತುದಿ ಗರಗಸಕ್ಕೆ ಬಿದ್ದವು, ಬೆರಳಗಲ.
ಟೈರೊಳಗಿನ ಹಾಲಿನಂಥ ದ್ರವವನ್ನು
ಮಗುವಿಗೆ ಜ್ವರದ ಔಷಧಿ ಕುಡಿಸಿದ ಸಿರಿಂಜಿನಲ್ಲೇ ಅಳೆದ.
ಹನಿಗೂಡಿದರೆ ಹಳ್ಳ ಅನ್ನುತ್ತಾರಲ್ಲ,
ಒಂದೊಂದೇ ಹನಿ ಎತ್ತಿ ಹಳ್ಳ ಬತ್ತಿಸುವವನನ್ನು
ನಾನು ಕಟ್ಟಿಕೊಂಡಿದ್ದೇನೆ.

ಅವನ ಸ್ವಂತ ತೂಕದ ಮಾತು ಎತ್ತುವಂತಿಲ್ಲ.
ಈಸ್ಟರಿಗೆ ನಾನು ಸುಟ್ಟ ಆಕ್ರೋಟಿನ ಸುರುಳಿ ರೊಟ್ಟಿ,
ಒಂದು ಹೋಳಿಗೆ ನೂರ ನಲವತ್ತು ಗ್ರಾಂ,
ತಿಂದದ್ದು ನಾಲ್ಕು.
ತಕ್ಕಡಿ ನನಗೂ ಓದಲು ಬರುತ್ತದೆ.

ಭಾನುವಾರ ಮಾವ ಬಂದ, ಲೋವ್ರೊ.
ಮೂವತ್ತೊಂದು ವರ್ಷ ಪೇತ್ಸಾ ಬೆಟ್ಟದ ಹೊಟ್ಟೆಯೊಳಗೆ
ಸೀಸದ ಅದಿರು ಅಗೆದವನು. ಮಾತು ಕಡಿಮೆ, ಕೆಮ್ಮು ಜಾಸ್ತಿ.
ಕಿರುಬೆರಳಲ್ಲಿ ಸೈಕಲ್ ಎತ್ತಿದ,
ಇಳಿಸಿದ, ಸುತ್ತಲೂ ನೋಡಿದ.
"ಉಳಿದದ್ದೆಲ್ಲಿ?"
ತಿಲೆನ್ ವಿವರಿಸಿದ, ಗ್ರಾಂ ಗ್ರಾಂ ಆಗಿ, ಸೂಪು ಆರುವ ತನಕ.
ಮಾವ ಕೇಳಿಸಿಕೊಂಡು ಅಂದ:
"ನಮ್ಮ ವ್ಯಾಗನ್ನು ತೂಗುವವನೂ ಹೀಗೇ ಕಳೆಯುತ್ತಿದ್ದ,
ಅದಿರು ಒದ್ದೆಯಾಗಿದೆ ಅಂತ."
ಚಮಚೆಗಳ ಸದ್ದು ನಿಂತಿತು.
ನನ್ನ ಗಂಡ ಕೇಳಿದ, ಬಹಳ ಗಂಭೀರವಾಗಿ:
"ಒದ್ದೆಗೆ ಎಷ್ಟು ಕಳೆಯುತ್ತಿದ್ದರು?"
"ನೂರಕ್ಕೆ ನಾಲ್ಕು."
"ಅದು ಜಾಸ್ತಿಯಾಯ್ತು" ಅಂದ ತಿಲೆನ್.
ಮಾವ ಮೊದಲ ಸಲ ಮಗನನ್ನು
ತನ್ನ ಪಾಳಿಯವನೆಂಬಂತೆ ನೋಡಿದ.

ಸೀಟಿನ ಕೆಳಗೆ ಬ್ರಿನಾ ಕಟ್ಟಿದ್ದ ಕೆಂಪು ಉಣ್ಣೆಯ ಎಳೆ,
ಅದನ್ನೂ ಬಿಚ್ಚಿ ತಂದು ಇಟ್ಟ ಒಂದು ರಾತ್ರಿ.
ಸೊನ್ನೆ.
ತೆಗೆದು ಮತ್ತೆ ಇಟ್ಟ. ಸೊನ್ನೆ.
"ಹಾಗಾದರೆ ಇರಲಿ" ಎಂದು ಕಟ್ಟಲು ಹೋದ.
ಗ್ರಾಮಿಗಿಂತ ಕೆಳಗಿನದು ಈ ತಕ್ಕಡಿಗೆ ಕಾಣುವುದಿಲ್ಲ.
ಅದು ಅವನಿಗೂ ಗೊತ್ತು.

ಜೂನಿನ ಶನಿವಾರ ಪೇತ್ಸಾದ ಮೇಲೆ ಮಳೆ.
ಸಂಜೆ ಬಂದ, ರೆಪ್ಪೆಯ ತನಕ ಕೆಸರು,
ಹಲ್ಲು ಮಾತ್ರ ಬೆಳ್ಳಗೆ,
ಸೈಕಲ್ಲನ್ನು ಶೆಡ್ಡಿಗೆ ಒರಗಿಸಿ ಸ್ನಾನಕ್ಕೆ ಓಡಿದ.
ಯಾರೂ ನೋಡುತ್ತಿರಲಿಲ್ಲ.
ಕೊಕ್ಕೆಯ ತಕ್ಕಡಿಗೆ ನೇತುಹಾಕಿದೆ.
ಹನ್ನೊಂದು ಕಿಲೊ ತೊಂಬತ್ತು ಗ್ರಾಂ.
ಮಾರ್ಚ್ ಮೂರಕ್ಕಿಂತ ಇನ್ನೂರೈವತ್ತು ಹೆಚ್ಚು.
ನಾಲ್ಕು ತಿಂಗಳು ಚಿವುಟಿದ್ದನ್ನೆಲ್ಲ
ಬೆಟ್ಟ ಮೂರು ಗಂಟೆಯಲ್ಲಿ ಬಳಿದು ಕಳಿಸಿತ್ತು, ಪುಕ್ಕಟೆ,
ಮೇಲಿಷ್ಟು ಕೊಸರು.

ಹೇಳಲಿಲ್ಲ. ಪೈಪು ಹಿಡಿದು ತೊಳೆಯತೊಡಗಿದೆ.
ಸೂಜಿ ಎಲೆ, ಬೂದು ಮಣ್ಣು, ಮರಳು,
ಹಿಂದಿನ ಚಕ್ರದ ಹತ್ತಿರ, ಚೌಕಟ್ಟಿನ ಸಂದಿಯಲ್ಲಿ
ಒಂದು ಬಸವನಹುಳು, ಜೀವಂತ.
ಅಂಗೈಯಲ್ಲಿ ಹಿಡಿದು ಅಡುಗೆಮನೆಗೆ ಬಂದೆ.
ತಟ್ಟೆಯ ಮೇಲೆ ಸ್ವಲ್ಪ ಹೊತ್ತು ಮುದುರಿಕೊಂಡಿತ್ತು,
ಆಮೇಲೆ ಒಂದು ಕೊಂಬು ಹೊರಬಂತು.

ನಾಲ್ಕು ಗ್ರಾಂ,
ಮನೆ ಸಮೇತ.

ಮೇಲೆ ಬಚ್ಚಲಲ್ಲಿ ನೀರು ನಿಂತಿತು.
ಪೆನ್ಸಿಲು ಎಲ್ಲಿಟ್ಟಿದ್ದಾನೋ, ಹುಡುಕಿದೆ.